ಎರಡು ಅಂತಾರೆ, ನಾಲ್ಕು ಬಿಡು

ನಮ್ಮ ಅಂಗಡಿ ಎಷ್ಟು ದೊಡ್ಡದಿತ್ತು ಅಂತ ಕೇಳಿದೆಯಲ್ಲ ಪುಟ್ಟಿ, ಮೊದಲು ಅದನ್ನೇ ಬರೆದುಕೋ. ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಎರಡೂ ಕೈ ಚಾಚಿದರೆ ಎಡಗೈ ಗೋಡೆಗೆ ತಾಗುತ್ತಿತ್ತು, ಬಲಗೈ ನನ್ನ ನಾದಿನಿಯ ಮೂಗಿಗೆ ತಾಗುತ್ತಿತ್ತು. ಮೂರು ಅಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ ಅದು. ಮುಂದೆ ನಿಂತರೆ ಎತ್ತರ, ಹಿಂದೆ ಹೋದಂತೆ ತಲೆಯ ಮೇಲೆ ಮೆಟ್ಟಿಲು ಇಳಿದು ಬರುತ್ತಿತ್ತು. ದಿನಕ್ಕೊಂದು ಸಲವಾದರೂ ಅದಕ್ಕೆ ತಲೆ ಹೊಡೆಸಿಕೊಳ್ಳುತ್ತಿದ್ದೆ. ಇಷ್ಟಾದರೂ ನಿನಗೆ ಬುದ್ಧಿ ಬರಲಿಲ್ಲವಲ್ಲ ಅಂತ ನಿಮ್ಮ ತಾತ ಹೇಳುತ್ತಿದ್ದರು. ಬರುವುದಿರಲಿ, ಇದ್ದದ್ದೂ ಅಲ್ಲೇ ಉದುರಿತು ಅಂತ ನಾನು ಹೇಳುತ್ತಿದ್ದೆ.

ಬೋರ್ಡಿನ ಮೇಲೆ ‘ಇಲ್ಲಿ ಬಿಗಿ ಮಾಡಿ, ಸಡಿಲ ಮಾಡಿ, ಗಿಡ್ಡ ಮಾಡಿ ಕೊಡಲಾಗುವುದು’ ಅಂತ ಬರೆಸಿದ್ದೆ. ‘ಉದ್ದ ಮಾಡಿ’ ಅನ್ನುವಷ್ಟರಲ್ಲಿ ತಗಡು ಮುಗಿದುಹೋಯಿತು. ಆಮೇಲೆ ಬಂದವರೆಲ್ಲ, “ಯಾಕಮ್ಮ, ಉದ್ದ ಮಾಡಲ್ವಾ?” ಅಂತ ಕೇಳುವುದು, ನಾನು “ಮಾಡ್ತೀವಿ, ಬೋರ್ಡನ್ನ ಉದ್ದ ಮಾಡೋಕೆ ಆಗಲಿಲ್ಲ” ಅನ್ನುವುದು. ಈ ಒಂದು ಮಾತನ್ನು ಇಪ್ಪತ್ತು ವರ್ಷ ಆಡಿದ್ದೇನೆ.

ಹೊಸ ಬಟ್ಟೆ ಯಾಕೆ ಹೊಲಿಯುತ್ತಿರಲಿಲ್ಲ ಅಂದರೆ, ಹೊಲಿದು ನೋಡಿದ್ದೆ, ಅದಕ್ಕೇ. ನಿಮ್ಮ ತಾತನಿಗೆ ಒಂದು ಅಂಗಿ ಹೊಲಿದೆ. ಪಾಪ, ಮಾತಾಡದೆ ಹಾಕಿಕೊಂಡು ಕೆಲಸಕ್ಕೆ ಹೋದರು. ಸಂಜೆ ಬಂದು, “ಅಂಗಿ ಏನೋ ಚೆನ್ನಾಗಿದೆ ಕಣೇ, ನನ್ನ ಬಲಗೈಯೇ ಇನ್ನಷ್ಟು ಉದ್ದ ಇರಬೇಕಿತ್ತು” ಅಂದರು. ಅವತ್ತೇ ತೀರ್ಮಾನ ಮಾಡಿದೆ, ಬೇರೆಯವರು ಹೊಲಿದದ್ದನ್ನು ಸರಿಮಾಡುವುದೇ ನನಗೆ ಕ್ಷೇಮ. ತಪ್ಪಾದರೆ ಮೊದಲು ಹೊಲಿದವನ ತಲೆಗೆ ಕಟ್ಟಬಹುದು.

ಕಾಜಾ, ಗುಂಡಿ, ಕೈಹೊಲಿಗೆ ಎಲ್ಲ ನಾದಿನಿಯದು. ಅವಳ ಸೂಜಿ ಮೊಂಡಾದರೂ ನಾಲಗೆ ಮೊಂಡಾಗುತ್ತಿರಲಿಲ್ಲ. ಆದರೆ ಅವಳಿಲ್ಲದಿದ್ದರೆ ನಾನು ಮೂರು ತಿಂಗಳಿಗೆ ಬಾಗಿಲು ಹಾಕಿರುತ್ತಿದ್ದೆ. ಇದನ್ನು ಅವಳಿಗೆ ಓದಿ ಹೇಳಬೇಡ.

ವ್ಯಾಪಾರ ಅಂದರೆ ಗಿರಾಕಿ ಬರುತ್ತಾರೆ, ನಾವು ಕೆಲಸ ಮಾಡುತ್ತೇವೆ ಅಂತ ನಾನು ತಿಳಿದಿದ್ದೆ. ಬೆಳಿಗ್ಗೆ ಹೋದರೆ ಬಾಗಿಲಿಗೆ ಅಡ್ಡಲಾಗಿ ಯಾರದೋ ಸ್ಕೂಟರು. ಅದನ್ನು ಪಕ್ಕಕ್ಕೆ ಎಳೆದರೆ ಪಕ್ಕದ ಜೆರಾಕ್ಸ್ ಅಂಗಡಿಯ ಸಾಲು ನಮ್ಮ ಇಸ್ತ್ರಿ ಮೇಜಿನವರೆಗೆ. ಮೇಲಿನ ಮಹಡಿಯ ಹಲ್ಲಿನ ಡಾಕ್ಟರ ರೋಗಿಗಳು ಕೆನ್ನೆ ಹಿಡಿದುಕೊಂಡು ಬಂದು ನಮ್ಮ ಸ್ಟೂಲಿನ ಮೇಲೆ ಕೂರುತ್ತಿದ್ದರು. ಅವರನ್ನು ನೋಡಿ ನಮ್ಮ ಗಿರಾಕಿಗಳು, ಇಲ್ಲಿ ಅಳತೆ ತೆಗೆಯುವಾಗ ಇಷ್ಟು ನೋವಾಗುತ್ತದೋ ಅಂತ ಹೆದರುತ್ತಿದ್ದರು. ವಿಳಾಸ ಕೇಳುವವರು ಹತ್ತು ಜನ, ‘ಒಂದು ಪಿನ್ನು ಕೊಡಿ’ ಅನ್ನುವವರು ಐದು ಜನ. ಒಬ್ಬ ಮಹಾರಾಯ ನನ್ನ ಬಟ್ಟೆ ಕತ್ತರಿ ಇಸಕೊಂಡು ಹೋಗಿ ತಂತಿ ಕತ್ತರಿಸಿಕೊಂಡು ತಂದುಕೊಟ್ಟ. ಕೊಡುವಾಗ, “ಕತ್ತರಿ ಅಷ್ಟು ಹರಿತ ಇಲ್ಲಮ್ಮ” ಅಂತ ಉಪದೇಶ ಬೇರೆ.

‘ಎರಡೇ ಹೊಲಿಗೆ, ನಿಂತಿರ್ತೀನಿ’ ಅನ್ನುವವರ ಕಥೆ ಬೇರೆಯೇ. ಅಂಥವರೊಬ್ಬರು ಪ್ಯಾಂಟು ಬಿಚ್ಚಿಕೊಟ್ಟು ಪರದೆಯ ಹಿಂದೆ ನಿಂತರು. ನಾನು ಜಿಪ್ಪು ಕಿತ್ತೆ. ಕರೆಂಟು ಹೋಯಿತು. ಎರಡು ಗಂಟೆ ಬರಲಿಲ್ಲ. ಅಷ್ಟು ಹೊತ್ತೂ ಅವರು ಪರದೆಯ ಹಿಂದಿನಿಂದಲೇ ಫೋನಿನಲ್ಲಿ ಆಫೀಸಿಗೆ, “ದಾರಿಯಲ್ಲಿದ್ದೀನಿ ಸಾರ್” ಅಂತಿದ್ದರು.

ಇಷ್ಟೆಲ್ಲದರ ನಡುವೆ ನನಗೆ ಒಂದು ವಿದ್ಯೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಯಾರಿಗೂ ‘ನೀವು ದಪ್ಪ ಆಗಿದ್ದೀರಿ’ ಅನ್ನುತ್ತಿರಲಿಲ್ಲ. ಬಂದವರೆಲ್ಲ ಹೇಳುವುದು ಒಂದೇ, ‘ಒಗೆದಾಗ ಕುಗ್ಗಿದೆ.’ ನಾನು ತಲೆಯಾಡಿಸಿ, “ಹೂಂ, ಈಗಿನ ಸೋಪೇ ಸರಿಯಿಲ್ಲ” ಅನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು. ಹೊಲಿಗೆ ಬಿಚ್ಚಿ ಎಷ್ಟು ಬಿಡಬೇಕು ಅಂದರೆ ಅರ್ಧ ಇಂಚು ಅನ್ನುವರು. ಟೇಪು ಒಂದೂವರೆ ಅನ್ನುವುದು.

ಅದಕ್ಕೇ ಚೀಟಿ ಶುರುವಾದದ್ದು. ನನಗೆ ಹೆಸರುಗಳು ನೆನಪಿರುವುದಿಲ್ಲ, ನಿನ್ನನ್ನೇ ನಿಮ್ಮಮ್ಮನ ಹೆಸರಿನಿಂದ ಕರೆಯುತ್ತೇನೆ. ಮುಖ, ದನಿ, ಕೆಮ್ಮು ನೆನಪಿರುತ್ತದೆ. ಹಾಗಾಗಿ ಬಟ್ಟೆಯ ಒಳಗಡೆ ಗುಂಡುಸೂಜಿಯಿಂದ ಒಂದು ಚೀಟಿ ಸಿಕ್ಕಿಸುತ್ತಿದ್ದೆ. ಅದರಲ್ಲಿ ‘ಒಣಕೆಮ್ಮು, ಎಡಗಾಲು ಗಿಡ್ಡ’, ‘ಸುಳ್ಳು ಸೊಂಟ, ಒಂದು ಬಿಡು’, ‘ಗಂಡನಿಗೆ ಹೇಳಬಾರದು’ ಅಂತೆಲ್ಲ ಇರುತ್ತಿತ್ತು. ನಾನು ಗಿರಾಕಿಯ ಎದುರಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ನಾದಿನಿ ಚೀಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಕೆಲಸ ಮುಗಿದ ಮೇಲೆ ಚೀಟಿ ತೆಗೆದು ಗೋಡೆಯ ಮೊಳೆಗೆ ಚುಚ್ಚಬೇಕು. ಇದೊಂದೇ ನಿಯಮ. ಮಾಡಿದವಳು ನಾನೇ, ಮರೆಯುವವಳೂ ನಾನೇ.

ಈಗ ಮಾಲೀಕರಿಗೆ ಬರೋಣ. ಇಡೀ ಕಟ್ಟಡ ಅವರದು. ನಗುವುದನ್ನು ಯಾರೂ ಕಂಡಿರಲಿಲ್ಲ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಅವರು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಹಲ್ಲಿನ ಡಾಕ್ಟರೇ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು ಹೇಳಿದರು: “ತಿಂಗಳ ಕೊನೆಗೆ ಖಾಲಿ ಮಾಡಿ. ಇಲ್ಲಿ ಜನರೇಟರ್ ಇಡಿಸ್ತೀನಿ.”

“ಸ್ವಾಮಿ, ನಾವೆಲ್ಲಿಗೆ ಹೋಗೋದು?”

“ಅದನ್ನ ನಾನು ಹೇಗೆ ಹೇಳ್ಲಿ? ನಾನೇನು ವಿಳಾಸ ಹೇಳೋ ಅಂಗಡಿ ಇಟ್ಟಿದ್ದೀನಾ?”

ವಿಳಾಸ ಹೇಳುವ ಅಂಗಡಿ ಇಟ್ಟಿದ್ದವಳಂತೂ ನಾನೇ.

ಎರಡು ವಾರ ಸುತ್ತಿದೆವು ಪುಟ್ಟಿ. ಇನ್ನೊಂದು ಜಾಗ ಸಿಗಲಿಲ್ಲ. ಸಿಕ್ಕಿದ ಒಂದು ಜಾಗದಲ್ಲಿ ಮೆಷಿನ್ ಇಟ್ಟರೆ ನಾವು ರಸ್ತೆಯಲ್ಲಿ ನಿಲ್ಲಬೇಕಿತ್ತು. ಆಗ ರಸ್ತೆಯನ್ನೂ ಅಗೆದಿದ್ದರು. ನಾದಿನಿಗೆ ಆ ಅಂಗಡಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅವಳು ಮಾತು ಕಡಿಮೆ ಮಾಡಿದಳು. ಅದನ್ನು ಕೇಳುವುದು ಅವಳ ಬೈಗುಳಕ್ಕಿಂತ ಕಷ್ಟವಾಗಿತ್ತು.

ಹೀಗಿರುವಾಗ ತಿಂಗಳು ಮುಗಿಯಲು ನಾಲ್ಕು ದಿನವಿದೆ ಅನ್ನುವಾಗ ಮಾಲೀಕರು ತಾವೇ ಬಂದರು, ಕೈಯಲ್ಲಿ ಒಂದು ಕರಿ ಕೋಟು. ವರ್ತಕರ ಸಂಘದವರು ಅವರಿಗೆ ಸನ್ಮಾನ ಮಾಡುತ್ತಾರಂತೆ, ನಾಳಿದ್ದು ಸಂಜೆ ಐದಕ್ಕೆ. ದೊಡ್ಡ ಟೈಲರುಗಳೆಲ್ಲ ವಾರ ಬೇಕು ಅಂದರಂತೆ.

“ಕುಗ್ಗಿದೆ” ಅಂದರು.

“ಸೋಪು ಸ್ವಾಮಿ, ಈಗಿನ ಸೋಪು” ಅಂದೆ. ಕೋಟನ್ನು ಯಾರೂ ಸೋಪು ಹಾಕಿ ಒಗೆಯುವುದಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

“ಎರಡು ಇಂಚು ಬಿಟ್ರೆ ಸಾಕು.”

ಟೇಪು ಸುತ್ತಿದೆ. ಅವರು ಉಸಿರು ಒಳಗೆಳೆದುಕೊಂಡು ನಿಂತರು. ನಾನೂ ಬಿಡಲಿಲ್ಲ, ಎಲ್ಲಿಯವರೆಗೆ ಉಸಿರು ಹಿಡಿಯುತ್ತಾರೋ ನೋಡೋಣ ಅಂತ ಟೇಪಿನ ಅಂಕಿ ಕಾಣದವಳ ಹಾಗೆ ಕಣ್ಣು ಕಿರಿದು ಮಾಡಿ ನಿಂತೆ. ಕೊನೆಗೆ ಉಸಿರು ಬಿಟ್ಟರು. ಟೇಪು ನಿಜ ಹೇಳಿತು.

ಅವರು ಹೋದ ಮೇಲೆ ಕೋಟಿನ ಒಳಪದರದ ಅಸ್ತರು ಬಿಚ್ಚಿ, ಚೀಟಿ ಬರೆದು ಅದರೊಳಗೆ ಸಿಕ್ಕಿಸಿದೆ: ‘ಸಿಡುಕು ಮೋರೆ. ಎರಡು ಅಂತಾರೆ, ನಾಲ್ಕು ಬಿಡು.’

ನನ್ನ ಲೆಕ್ಕಾಚಾರ ಹೀಗಿತ್ತು: ಈ ಕೋಟು ಚೆನ್ನಾಗಿ ಕೂತರೆ, ಸನ್ಮಾನದ ಖುಷಿಯಲ್ಲಿರುವಾಗ ಇನ್ನೊಂದು ಸಲ ಕೇಳಿ ನೋಡುವುದು. ಇಬ್ಬರೂ ಜೀವ ಬಿಟ್ಟು ಮಾಡಿದೆವು. ಒಳಗೆ ಮಡಚಿದ್ದ ಬಟ್ಟೆಯನ್ನೆಲ್ಲ ನಾನು ಬಿಟ್ಟೆ, ಅಸ್ತರನ್ನು ನಾದಿನಿ ಕೈಯಲ್ಲಿ ಮುಚ್ಚಿದಳು. ಹಳೆಯ ಹೊಲಿಗೆಯ ಗುರುತು ಕಾಣಬಾರದೆಂದು ಆವಿ ಕೊಟ್ಟು ಇಸ್ತ್ರಿ ಮಾಡಿದೆವು. ಸನ್ಮಾನದ ದಿನ ಮಾಲೀಕರು ಮೂರು ಗಂಟೆಗೆ ಬಂದು ಕೋಟು ಹಾಕಿಕೊಂಡು ಹೋದರು.

ನಾಲ್ಕೂವರೆಗೆ ನಾದಿನಿ ಮೊಳೆಯ ಮುಂದೆ ನಿಂತಿದ್ದಳು.

“ಅತ್ತಿಗೆ, ಕೋಟಿನ ಚೀಟಿ ಎಲ್ಲಿ?”

“ನೀನು ತೆಗೀಲಿಲ್ವೇನೇ?”

“ನಾನ್ಯಾಕೆ ತೆಗೀಲಿ? ಬಟ್ಟೆ ಬಿಟ್ಟಿದ್ದು ನೀವು. ತೆಗೆದಿರ್ತೀರಿ ಅಂತ ನಾನು ಅಸ್ತರ್ ಮುಚ್ಚಿದೆ.”

“ಅಯ್ಯೋ, ನೀನು ಮುಚ್ಚೋವಾಗ ತೆಗೀತೀಯ ಅಂತ ನಾನು ಬಿಟ್ಟೆ!”

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳೇ ಮೆಲ್ಲಗೆ ಅಂದಳು: “ಚೀಟಿ ಹೋಗ್ಲಿ ಅತ್ತಿಗೆ. ಗುಂಡುಸೂಜಿ?”

ಬಾಗಿಲು ಎಳೆದುಕೊಂಡು ಓಡಿದೆವು. ಓಡಿದೆವು ಅಂತ ಬರೆ, ಆದರೆ ನಿನಗೆ ಗೊತ್ತಲ್ಲ, ಆಗಲೇ ನನ್ನ ಮಂಡಿ ಮಾತಾಡುತ್ತಿತ್ತು. ಅಗೆದ ರಸ್ತೆಗೆ ಹಾಕಿದ್ದ ಹಲಗೆಯ ಮೇಲೆ ಅವಳು ಮುಂದೆ, ನಾನು ಅವಳ ಸೆರಗು ಹಿಡಿದುಕೊಂಡು ಹಿಂದೆ. ಸಭಾಂಗಣದಲ್ಲಿ ಮಾಲೀಕರು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಬಗ್ಗಿ ಕಿವಿಯಲ್ಲಿ ಹೇಳಿದೆ: “ಸ್ವಾಮಿ, ಒಂದು ಹೊಲಿಗೆ ಬಾಕಿ ಇದೆ. ಒಂದು ನಿಮಿಷ ಕೋಟು ಬಿಚ್ಚಿಕೊಡಿ.”

“ಇಲ್ಲಿ ಬಿಚ್ಚಲಾ? ನಿಮಗೇನು ತಲೆ ಕೆಟ್ಟಿದೆಯಾ?”

“ಮೆಟ್ಟಿಲು ಹೊಡೆದೂ ಹೊಡೆದೂ ಸ್ವಲ್ಪ ಕೆಟ್ಟಿದೆ ಸ್ವಾಮಿ, ಆದ್ರೂ...”

“ಹೋಗಿ ಹಿಂದೆ ಕೂತ್ಕೊಳ್ಳಿ!”

ಹಿಂದೆ ಹೋಗಿ ಕೂತೆವು. ಅವರನ್ನು ವೇದಿಕೆಗೆ ಕರೆದರು. ಮುಖ್ಯ ಅತಿಥಿಗಳು ಪ್ರಶಸ್ತಿ ಪತ್ರದ ಫ್ರೇಮು ಹಿಡಿದು ನಿಂತರು. ಮಾಲೀಕರು ಬಗ್ಗಿ ಕೈಮುಗಿದರು. ಬಗ್ಗಿದವರು ಸೆಟೆದು ನೆಟ್ಟಗಾದರು, ಕಣ್ಣಲ್ಲಿ ನೀರು. ನಾದಿನಿ ನನ್ನ ತೊಡೆ ಹಿಂಡಿದಳು. ಜನ ಮಾತ್ರ, ಎಂಥ ಭಾವುಕ ಮನುಷ್ಯ ಅಂತ ಚಪ್ಪಾಳೆ ತಟ್ಟಿದರು. ಕೈಯಲ್ಲಿ ಎಂಟು ಪುಟದ ಭಾಷಣ ಇತ್ತು. ಅದನ್ನು ಬಿಡಿಸಲೇ ಇಲ್ಲ. “ಎಲ್ಲರಿಗೂ ವಂದನೆ, ನನಗೆ ಮಾತು ಹೊರಡ್ತಿಲ್ಲ” ಅಂದು ಕೆಳಗಿಳಿದರು. ಚಪ್ಪಾಳೆ ಇನ್ನೂ ಜೋರಾಯಿತು. ನಮ್ಮ ಅಂಗಡಿಗೆ ಚಟ್ಟ ಕಟ್ಟಿದ ಸದ್ದಿನ ಹಾಗೆ ನನಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಬೀಗದ ಕೈ ಗೊಂಚಲಿನ ಸದ್ದು. ಕೋಟನ್ನು ಮೇಜಿನ ಮೇಲೆ ಎಸೆದರು. “ಒಳಗೆ ಏನೋ ಚುಚ್ತಿದೆ. ಬಿಚ್ಚಿ, ನನ್ನೆದುರಿಗೇ ಬಿಚ್ಚಿ.”

ಅಸ್ತರು ಬಿಚ್ಚಿದ ಕೂಡಲೇ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಿಡೋಣ ಅಂತ ನನ್ನ ಯೋಚನೆ. ಅದು ಜಾರಿ ಹೋಗಿ ಅವರ ಚಪ್ಪಲಿಯ ಮೇಲೇ ಬಿತ್ತು. ಎತ್ತಿಕೊಂಡರು. ಜೆರಾಕ್ಸ್ ಸಾಲಿನವರಿಗೆಲ್ಲ ಕೇಳುವಂತೆ ಓದಿದರು: “ಸಿಡುಕು ಮೋರೆ. ಎರಡು ಅಂತಾರೆ, ನಾಲ್ಕು ಬಿಡು.”

“ಅದು ಬೇರೆಯವರದ್ದು ಸ್ವಾಮಿ” ಅಂದೆ.

“ಬೇರೆಯವರದ್ದು ನನ್ನ ಹೊಟ್ಟೆ ಹತ್ರ ಯಾಕಿತ್ತು?”

ನಾದಿನಿ ತಲೆಯೆತ್ತದೆ ದಾರ ಪೋಣಿಸುತ್ತ ಹೇಳಿದಳು: “ನಿಮ್ಮದೇ ಸಾರ್. ಅತ್ತಿಗೆ ಬರೆದಿದ್ದು. ಅಕ್ಷರ ನೋಡಿ, ಕಾಗೆ ಕಾಲಿನ ಹಾಗಿಲ್ವಾ?”

ಇಷ್ಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡದ್ದಕ್ಕೆ ಇದು!

“ನಾಲ್ಕು ಬಿಟ್ರಾ?” ಮಾಲೀಕರು ನನ್ನನ್ನೇ ಕೇಳಿದರು.

ಹೇಗೂ ಹೋಗುವ ಅಂಗಡಿ, ಇನ್ನು ಸೋಪಿನ ಕಥೆ ಯಾಕೆ ಅನ್ನಿಸಿತು. “ನಾಲ್ಕೂವರೆ ಸ್ವಾಮಿ. ನೀವು ಹೇಳಿದ ಎರಡೇ ಬಿಟ್ಟಿದ್ರೆ ನಿನ್ನೆ ನೀವು ಬಗ್ಗಿದಾಗ ಗುಂಡಿ ಹಾರಿ ಅತಿಥಿಗಳ ಹಣೆಗೆ ಬೀಳ್ತಿತ್ತು.”

ಅವರು ಗೋಡೆಯ ಮೊಳೆಯ ಹತ್ತಿರ ಹೋಗಿ ಒಂದೊಂದೇ ಚೀಟಿ ಓದತೊಡಗಿದರು. ಆ ಚೀಟಿಗಳಲ್ಲಿದ್ದವರೆಲ್ಲ ಅವರ ಬಾಡಿಗೆದಾರರೇ, ಪರಿಚಯದವರೇ. ಒಂದು ಚೀಟಿಯ ಮುಂದೆ ನಿಂತರು. ‘ಮೇಲಿನ ಮಹಡಿ. ಊರಿನವರ ಬಾಯಿ ಬಿಡಿಸ್ತಾರೆ, ತಮ್ಮ ಸೊಂಟದಳತೆಗೆ ಬಾಯಿ ಬಿಡಲ್ಲ.’

“ಇದು ನಮ್ಮ ಹಲ್ಲಿನ ಡಾಕ್ಟರಾ?”

“ಹೆಸರು ಹೇಳಬಾರದು ಸ್ವಾಮಿ” ಅಂದೆ.

ಅವರ ಭುಜ ಕುಲುಕಿತು. ಕೆಮ್ಮು ಅಂದುಕೊಂಡೆ. ನಗುತ್ತಿದ್ದರು! ನಕ್ಕು ಅಭ್ಯಾಸವಿಲ್ಲದ್ದರಿಂದ ಕೆಮ್ಮಿನ ಹಾಗೆ ಬರುತ್ತಿತ್ತು.

ಆಮೇಲೆ ನನ್ನ ಟೇಪು ತೆಗೆದುಕೊಂಡು ಗೋಡೆ ಅಳೆದರು. ಇಳಿಜಾರಿನ ಕಡೆಯಿಂದ ಮೂರು ಅಡಿ ಜನರೇಟರಿಗೆ, ಉಳಿದದ್ದರಲ್ಲಿ ನೀವು ಇರಿ ಅಂದರು. ನಾನು ಅವರ ಕೋಟನ್ನು ನಾಲ್ಕೂವರೆ ಇಂಚು ಸಡಿಲ ಮಾಡಿದ್ದೆ, ಅವರು ನನ್ನ ಅಂಗಡಿಯನ್ನು ಮೂರು ಅಡಿ ಬಿಗಿ ಮಾಡಿದರು. ಆಮೇಲೆ ಕೈ ಚಾಚುವುದು ನಿಂತೇ ಹೋಯಿತು. ನಾದಿನಿ ಸೂಜಿ ಎಳೆದರೆ ನಾನು ತಲೆ ತಗ್ಗಿಸಬೇಕು. ಕರೆಂಟು ಹೋದರೆ ಮಾತ್ರ ನಮ್ಮದೇ ರಾಜ್ಯ, ಜನರೇಟರಿನ ತಂತಿ ಮೊದಲು ಬರುವುದು ನಮ್ಮ ಮೆಷಿನ್ನಿಗೆ. ಅದರ ಸದ್ದಿನಲ್ಲಿ ಅವಳು ಬೈದದ್ದೂ ಕೇಳುತ್ತಿರಲಿಲ್ಲ.

ಐದು ವರ್ಷದ ಮೇಲೆ ಮಾಲೀಕರು ಅದೇ ಕೋಟು ತಂದರು. ನಾನು ಅಭ್ಯಾಸಬಲದಿಂದ, “ಕುಗ್ಗಿದೆಯಾ ಸ್ವಾಮಿ? ಈಗಿನ ಸೋಪು...” ಅಂದೆ.

“ಸೋಪಲ್ಲ ಕಣಮ್ಮ, ನಾನೇ. ಎಷ್ಟು ಬೇಕೋ ಬಿಡಿ.”

ಅಷ್ಟು ವರ್ಷದಲ್ಲಿ ನಿಜ ಹೇಳಿದ ಮೊದಲ ಗಿರಾಕಿ. ಅವರಿಗೇ ನಾನು ಬಿಡಲು ಒಳಗೆ ಒಂದು ಎಳೆ ಬಟ್ಟೆಯನ್ನೂ ಉಳಿಸಿರಲಿಲ್ಲ, ಎಲ್ಲವನ್ನೂ ಮೊದಲ ಸಲವೇ ಬಿಟ್ಟು ಕೂತಿದ್ದೆ ಪೆದ್ದಿ. ಕೊನೆಗೆ ಕಂಕುಳ ಕೆಳಗಿನಿಂದ ಎರಡೂ ಕಡೆ ಪಟ್ಟಿ ಸೇರಿಸುವುದು ಅಂತಾಯಿತು. ಚೀಟಿ ಬರೆಯಲು ಕೂತೆ. ಅವರು ಅಲ್ಲಾಡದೆ ನಿಂತೇ ಇದ್ದರು.

“ಬರೀರಿ, ನಾನು ನೋಡ್ಬೇಕು” ಅಂದರು.

ನಾನು ನಾದಿನಿಯ ಮುಖ ನೋಡಿದೆ, ಅವಳು ಗೋಡೆ ನೋಡಿದಳು. ಅವರೇ ಬಾಯಲ್ಲಿ ಹೇಳಿ ಬರೆಸಿದರು: ‘ಸಿಡುಕು ಮೋರೆ. ಐದು ಬಿಡು.’

ನಾನು ಚೀಟಿ ಸಿಕ್ಕಿಸಿದೆ. ಬಾಗಿಲವರೆಗೆ ಹೋದವರು ತಿರುಗಿ ನಿಂತು ನಾದಿನಿಗೆ ಹೇಳಿದರು: “ಈ ಸಲ ಗುಂಡುಸೂಜಿ ನೀವೇ ತೆಗೀರಮ್ಮ. ಇವರನ್ನ ನಂಬಬೇಡಿ.”