ಡಾಕ್ಟರು ಏನು ಹೇಳಿದರು

ಮುಂಡರಗಿಯ ನಮ್ಮ ಓಣಿಗೆ ಮೊದಲ ಟೀವಿ ತಂದವರು ನಮ್ಮವರು, ಪಾಂಡುರಂಗರಾಯರು. ಬೇಡವೆಂದು ಬಡಕೊಂಡೆ, ಕೇಳಬೇಕಲ್ಲ! ಎಂಬತ್ತಾರನೆಯ ಇಸವಿ ಅದು. ಭಾನುವಾರ ಬೆಳಗಾದರೆ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲೇ.

ದೇವಕ್ಕ ಬಾಗಿಲ ಹತ್ತಿರ ಕೂಡುತ್ತಿದ್ದಳು. ಹುಟ್ಟಿದಾಗ ಅವಳಿಗಿಟ್ಟ ಹೆಸರು ದೇವೇಂದ್ರಪ್ಪ. ಮೀಸೆ ಮೂಡುವ ವಯಸ್ಸಿಗೆ ಸೀರೆ ಉಟ್ಟು, ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗಪ್ಪ ಆದವಳು. ಮಂಗಳವಾರ ದೇವಿಯ ಬುಟ್ಟಿ ಹೊತ್ತು ಬಂದರೆ ನಾವು ಮೊರದಲ್ಲಿ ಜೋಳ ನೀಡಿ, ಕೂಸಿನ ತಲೆಯ ಮೇಲೆ ಅವಳ ಕೈ ಇಡಿಸುತ್ತಿದ್ದೆವು. ಅವಳ ಉದ್ದನೆಯ ಜಡೆ ದೇವಿ ಕೊಟ್ಟದ್ದಂತೆ; ಅದಕ್ಕೆ ಕತ್ತರಿ ತಾಗಿದರೆ ತಾನು ಉಳಿಯುವುದಿಲ್ಲ ಎನ್ನುತ್ತಿದ್ದಳು. ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಆಗ ಬರುತ್ತಿದ್ದ ಒಂದು ಹಿಂದಿ ಧಾರಾವಾಹಿಯಲ್ಲಿ ಹುಡುಗನೊಬ್ಬ ಅಕ್ಕನ ಸೀರೆ ಉಟ್ಟು, ತಾನು ಹೆಣ್ಣು ಅನ್ನುತ್ತಿದ್ದ. ಪಡಸಾಲೆಯಲ್ಲಿ ನಗುವೋ ನಗು. ದೇವಕ್ಕ ಮಾತ್ರ ಸೆರಗು ಕಚ್ಚಿ ಅಳುತ್ತಿದ್ದಳು.

"ನನ್ನ ನೋಡೇ ಬರದಾರ ನೋಡ್ರಿ, ಕಮಲಾಬಾಯಾರ," ಎಂದಳು.

ಮರುವಾರ ನಕ್ಕವರೆಲ್ಲ ಟೀವಿ ಬಿಟ್ಟು ಅವಳನ್ನೇ ನೋಡತೊಡಗಿದರು. ಮಂಗಳವಾರ ಕೆಲವು ಮನೆಗಳ ಬಾಗಿಲು ಅವಳಿಗೆ ತೆರೆಯಲಿಲ್ಲ. ಇದು ನೆಟ್ಟಗಾಗುವ ಲಕ್ಷಣವಲ್ಲ ಎಂದು ನನಗೆ ಆಗಲೇ ಅನಿಸಿತು.

ಅವಳ ಅಣ್ಣ ಕೊಟ್ರಪ್ಪನೂ ಬರಲು ಶುರುಮಾಡಿದ. ಅವನ ಮಗಳಿಗೆ ಅಸುಂಡಿಯ ಸಂಬಂಧ ಬಂದಿತ್ತು. ಹೆಣ್ಣಿನ ಚಿಕ್ಕಪ್ಪ ಸೀರೆ ಉಡುತ್ತಾನಂತೆ ಎಂದು ಬೀಗರು ಮಾತೆತ್ತಿದ್ದರು. ಧಾರಾವಾಹಿಯಲ್ಲಿ ತಾಯಿ ಮಗನನ್ನು ಮುಂಬಯಿಯ ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದಾಗ ಕೊಟ್ರಪ್ಪ ಮುಂದೆ ಸರಿದು ಕೂತ.

"ನೋಡ್ರಿ, ಔಷಧ ಐತಿ ಇದಕ್ಕ. ಸರಕಾರದ ಟೀವಿ, ಸುಳ್ಳ ತೋರಸ್ತಾರೇನು?"

ಕೊನೆಯ ಕಂತಿನ ದಿನ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು, ತಾಯಿಯ ಕಡೆ ತಿರುಗಿ ಬಾಯಿ ತೆರೆದರು. ಕರೆಂಟು ಹೋಯಿತು. ಅದಕ್ಕೂ ಅದೇ ಗಳಿಗೆ ಬೇಕಿತ್ತೇ, ಮನೆಹಾಳ ಕರೆಂಟಿಗೆ!

"ಇನ್ನೇನ ಅಂತಾರ? ಕೂದಲಾ ತಗಸ್ರಿ, ಗಂಡಸನ್ನ ಮಾಡಿ ಕೊಡತೀವಿ ಅಂದಿರತಾರ," ಎಂದ ಕೊಟ್ರಪ್ಪ. ಎಲ್ಲರೂ ಹೂಂಗುಟ್ಟಿದರು. ದೇವಕ್ಕ ಎದ್ದು ಹೋಗಲು ನೋಡಿದಳು. ಬಾಗಿಲಲ್ಲಿ ಕೂತವರು ದಾರಿ ಬಿಡಲಿಲ್ಲ.

ಮರುದಿನವೇ ಕೊಟ್ರಪ್ಪ ತರಿಸಿದ ಜೀಪು ಬಂತು. "ನನ್ನ ಒಯ್ಯಾಕ ಬಿಡಬ್ಯಾಡ್ರಿ," ಎಂದು ಅವಳು ನಮ್ಮ ಕಟ್ಟೆಯ ಕಂಬ ಹಿಡಿದಳು. ನಾನು ಕೊಟ್ರಪ್ಪನಿಗೆ ಬಾಯಿಗೆ ಬಂದಂತೆ ಬೈದೆ. ನಮ್ಮವರು ನನ್ನನ್ನೇ ಒಳಗೆ ಎಳೆದು ಅಗಳಿ ಹಾಕಿದರು. ಯಾವ ಊರಿನ ದವಾಖಾನೆಗೆ ಒಯ್ದರೋ, ಕೇಳಿದರೂ ಯಾರೂ ಬಾಯಿ ಬಿಡಲಿಲ್ಲ.

ಮುಂದಿನ ತಿಂಗಳು ಲಕ್ಷ್ಮೇಶ್ವರಕ್ಕೆ ತಂಗಿ ನರ್ಮದಾಳ ಮನೆಗೆ ಹೋದೆ. ಅವರಲ್ಲಿ ಕೊನೆಯ ಕಂತಿನ ದಿನ ಕರೆಂಟು ಹೋಗಿರಲಿಲ್ಲ, ಅವಳು ಕೊನೆತನಕ ನೋಡಿದ್ದಳು. ಡಾಕ್ಟರು ಏನಂದರೆಂಬುದನ್ನು ಅವಳ ಬಾಯಿಂದಲೇ ಕೇಳಿದೆ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿ, ನೇರ ಕೊಟ್ರಪ್ಪನ ಮನೆಗೆ ನಡೆದೆ.

ಒಳಗೆ ಬೋಳುತಲೆಯ ಒಬ್ಬರು ಅಂಗಿ ತೊಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ದೇವಕ್ಕಾ ಎಂದು ಕರೆದೆ, ಮತ್ತೆ ಕರೆದೆ. ತಿರುಗಲಿಲ್ಲ. ಬಾಯಿಂದ ಜೊಲ್ಲು ಅಂಗಿಯ ಮೇಲೆ ಇಳಿಯುತ್ತಿತ್ತು.

"ಡಾಕ್ಟರು ಏನಂದ್ರು ಗೊತ್ತದ ಏನು, ಕೊಟ್ರಪ್ಪ?" ಎಂದೆ. "ಈ ಕೂಸಿಗೆ ಯಾವ ರೋಗಾನೂ ಇಲ್ಲ, ಇದ್ದಂಗ ಮನಿಗೆ ಕರಕೊಂಡ ಹೋಗ್ರಿ ಅಂದಾರ."

ಕೊಟ್ರಪ್ಪ ಚಾಪೆ ಹಾಸಿದ.

"ಕುಂಡ್ರಿ ಅಕ್ಕಾರ. ಅದೊಂದ ನಾಟಕ. ಅದರಾಗಿನ ಮಾತ ಯಾರರೆ ಖರೆ ಅಂತಾರೇನು?"