ಬನಶಂಕರಿಗೆ ಏರಿದ ಆರ್ಕಿಡ್

ಕಳೆದ ವಾರ ಮಗಳ ಶಾಲೆಯವರು ಮಕ್ಕಳನ್ನು ಇಲ್ಲಿ ಕುವೈತ್‌ನ ವಫ್ರಾದ ತೋಟಗಳ ಕಡೆ ಹಕ್ಕಿ ನೋಡಲು ಕರೆದೊಯ್ಯುವವರಿದ್ದರು. ಕಪಾಟಿನ ಮೇಲಿಂದ ನನ್ನ ಹಳೆಯ ಬೈನಾಕ್ಯುಲರ್ ಇಳಿಸಿ ಕೊಟ್ಟೆ. ಅದರ ಚೀಲದ ಜಿಪ್ ಎಳೆದವಳೇ ಮೂಗು ಒಳಗಿಟ್ಟು, "ಅಪ್ಪಾ, ವೈ ಡಸ್ ದಿಸ್ ಸ್ಮೆಲ್ ಲೈಕ್ ಎ ಟೆಂಪಲ್?" ಎಂದಳು. ನಾನೂ ಮೂಸಿದೆ. ಊದಿನಕಡ್ಡಿ. ಗಾಜು ಒರೆಸುವ ಬಟ್ಟೆಯ ಕೆಳಗೆ ಮುರಿದ ಕಡ್ಡಿಯೊಂದು ಈಗಲೂ ಬಿದ್ದಿತ್ತು. ಇಷ್ಟು ವರ್ಷಗಳಾದ ಮೇಲೂ ನನಗೆ ಮೊದಲು ಬಂದದ್ದು ಸಿಟ್ಟೇ.

ಆ ಕಡ್ಡಿ ಕಾಕಾ ಅವರದು. ಕಾಕಾ ಎಂದರೆ ನನ್ನ ಸ್ವಂತ ಚಿಕ್ಕಪ್ಪನಲ್ಲ. ಅಹ್ಮದಿಯ ತೈಲ ಕಂಪನಿ ಮನೆಗಳಲ್ಲಿ ನಮ್ಮ ಪಕ್ಕದವರು, ಬಾಗಲಕೋಟೆ ಕಡೆಯ ಹಿರಿಯ ಎಂಜಿನಿಯರ್. ನಾನು ಮೊದಲ ಸಲ ಕುವೈತ್‌ಗೆ ಬಂದಿಳಿದಾಗ ವಿಮಾನ ನಿಲ್ದಾಣದಿಂದ ಕರೆತಂದು, ನನಗೊಂದು ಅಡುಗೆಮನೆ ಆಗುವವರೆಗೆ ಊಟ ಹಾಕಿದವರು. ಅಂಥವರಿಗೆ ಯಾವುದಕ್ಕೂ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ನನ್ನ ತೊಂದರೆ ಶುರುವಾದದ್ದೇ ಅಲ್ಲಿ.

ಆ ವರ್ಷ ವಸಂತದಲ್ಲಿ ನಾನು ಸೈಪ್ರಸ್‌ಗೆ ಒಂದು ಪ್ರವಾಸ ಗೊತ್ತು ಮಾಡಿಕೊಂಡಿದ್ದೆ. ಕಾಡುಹೂಗಳು, ವಲಸೆ ಹಕ್ಕಿಗಳು, ಗ್ರೀಕರ ಮತ್ತು ರೋಮನರ ಕಾಲದ ಅವಶೇಷಗಳು, ಎಲ್ಲವನ್ನೂ ತಿಳಿದವರೊಬ್ಬರು ಜೊತೆಗಿದ್ದು ತೋರಿಸುವ ಪ್ರವಾಸ. ಹೆಂಡತಿ ಬರಬೇಕಿತ್ತು, ಮಗಳು ಇನ್ನೂ ಕೂಸು, ಅವಳಿಗೆ ಜ್ವರ ಬಂತು. ಕೋಣೆಯಲ್ಲಿ ಒಂದು ಹಾಸಿಗೆ ಖಾಲಿ ಉಳಿಯಿತು. ಸುದ್ದಿ ಕಾಂಪೌಂಡ್ ಗೋಡೆ ದಾಟಲು ಎಷ್ಟು ಹೊತ್ತು?

"ನಾ ಬರ್ತೀನಿ ತಮ್ಮಾ," ಎಂದರು ಕಾಕಾ. "ಇಷ್ಟು ವರ್ಷ ಕುವೈತ್, ಬಾಗಲಕೋಟಿ, ಮತ್ತ ಕುವೈತ್. ಈ ಇಕಾಮಾ ಪರವಾನಗಿ ಖಲಾಸ್ ಆಗಿ ಊರಿಗೆ ಹೋಗೂದರೊಳಗ ಒಂದು ದೇಶರ ನೋಡೂನು."

ಒಳಗಿನಿಂದ ಅವರ ಹೆಂಡತಿ ಕಾಕೂ, "ಕರಕೊಂಡ್ ಹೋಗೋ ಪುಣ್ಯಾತ್ಮ, ನನಗೂ ಒಂದಿಷ್ಟು ರಜಾ ಸಿಗತೈತಿ," ಎಂದರು.

ಅವರ ಸೂಟ್‌ಕೇಸ್ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಊದಿನಕಡ್ಡಿಗೆ ಜಾಗವಿಲ್ಲವೆಂದು ನನ್ನ ಬೈನಾಕ್ಯುಲರ್ ಚೀಲಕ್ಕೆ ತುರುಕಿದರು. ಕೇಳಲೂ ಇಲ್ಲ.

ಗುಂಪಿನಲ್ಲಿದ್ದವರೆಲ್ಲ ಕೆಲಸದಿಂದ ನಿವೃತ್ತರಾದ ಇಂಗ್ಲಿಷರು, ಮೆಲ್ಲಗೆ ಮಾತಾಡುವವರು. ಕಾಕಾ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಉಪ್ಪಿನ ಕೆರೆಯಲ್ಲಿ ರಾಜಹಂಸಗಳ ಹಿಂಡು ನಿಂತಿತ್ತು. "ಇವನ್ನ ನೋಡಾಕ ವಿಮಾನ ಹತ್ತಬೇಕಿತ್ತೇನು? ನಮ್ಮ ಕುವೈತ್ ದಂಡ್ಯಾಗ ತಾವ ಬಂದು ನಿಂದರ್ತಾವ," ಎಂದು ಕೂಗಿದರು. ಹಿಂಡು ಎದ್ದು ಹಾರಿಯೇ ಹೋಯಿತು. ಚಂದ್ರಮುಕುಟ ಕಂಡರೆ ಮರಕುಟಿಗ ಎಂದರು. ಉಳಿದ ಹಕ್ಕಿಯೆಲ್ಲ ಒಂದೋ ಗುಬ್ಬಿ, ಇಲ್ಲವೇ ಬೆಳವ. ತಿದ್ದಿದರೆ, "ಅದ ಅದ, ಹೆಸರು ಬ್ಯಾರೆ," ಎನ್ನುತ್ತಿದ್ದರು. ಕಡಲಿಗೆ ಮುಖ ಮಾಡಿದ ಪುರಾತನ ನಾಟಕಶಾಲೆಯ ಕಲ್ಲು ಮೆಟ್ಟಿಲ ಮೇಲೆ, ಗೈಡ್ ಇತಿಹಾಸ ಹೇಳುತ್ತಿದ್ದಾಗಲೇ ರೊಟ್ಟಿಯ ಗಂಟು ಬಿಚ್ಚಿದರು. ಎಲ್ಲರೂ ತಿಂದರು. ಎಲ್ಲರಿಗೂ ಅವರು ಇಷ್ಟವಾದರು. ನನಗೆ ಅದೂ ಸಹಿಸಲಾಗಲಿಲ್ಲ.

ನಾನು ಆ ಪ್ರವಾಸ ಆರಿಸಿದ್ದೇ ಒಂದು ಹೂವಿಗಾಗಿ. ಆ ದ್ವೀಪದಲ್ಲಿ ಒಂದು ಬಗೆಯ ಆರ್ಕಿಡ್ ಇದೆ, ಅದರ ಹೂವು ಹೆಣ್ಣು ಜೇನ್ನೊಣದ ಹಾಗೆ ಕಾಣುತ್ತದೆ. ಗಂಡು ನೊಣ ಬಂದು ಮೋಸಹೋಗುತ್ತದೆ, ಹೂವಿನ ಪರಾಗಸ್ಪರ್ಶದ ಕೆಲಸ ಆಗುತ್ತದೆ. ಭೂಗರ್ಭಶಾಸ್ತ್ರ ಓದಿದ ನನಗೆ ದೇವರು ದಿಂಡರಲ್ಲಿ ನಂಬಿಕೆಯಿಲ್ಲ; ಆದರೆ ಯಾರೂ ಕೂತು ಯೋಚಿಸದೆ ಹುಟ್ಟಿದ ಇಂಥ ಮೋಸವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಕಾಲೇಜಿನ ದಿನಗಳಿಂದ ಆಸೆ. ನಾವು ತಂಗಿದ್ದ ಮನೆಯ ಹಿಂದೆ ಅವಶೇಷಗಳ ನಡುವೆ ಅದರದೊಂದು ಗಿಡವಿದೆ, ಒಂದೇ ಹೂವು ಅರಳಿದೆ, ನಾಳೆ ಬೆಳಿಗ್ಗೆ ತೋರಿಸುತ್ತೇನೆ ಎಂದಿದ್ದಳು ಗೈಡ್.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಕೋಣೆ ತುಂಬ ಹೊಗೆ. ಕಾಕಾ ಸ್ನಾನ ಮುಗಿಸಿ, ಚಹಾ ಕೆಟಲಿಗೆ ಒರಗಿಸಿಟ್ಟ ಬನಶಂಕರಿಯ ಫೋಟೋ ಮುಂದೆ ಕೈಮುಗಿದು ಕೂತಿದ್ದರು. ಮುಂದೆ ಕೆಂಪು, ಹಳದಿ ಏನೇನೋ ಹೂವು. ನಾನು ಕನ್ನಡಕ ಹಾಕಿಕೊಂಡಿರಲಿಲ್ಲ. ಕೆಮ್ಮುತ್ತಾ ಹೊರಗೆ ಓಡಿದೆ.

ತಿಂಡಿಯಾದ ಮೇಲೆ ಎಲ್ಲರೂ ಮುರಿದ ಕಂಬಗಳ ನಡುವೆ ಹೋದೆವು. ಗೈಡ್ ಮೊಣಕಾಲೂರಿ ಹುಲ್ಲು ಸರಿಸಿದಳು. ದಂಟು ಇತ್ತು. ಹೂವಿರಲಿಲ್ಲ. ಯಾರೋ ಉಗುರಿನಿಂದ ಚಿವುಟಿದ ಗುರುತು.

"ಅಯ್ಯ, ಇದಾ?" ಎಂದರು ಹಿಂದಿನಿಂದ ಕಾಕಾ. "ಇದನ್ನ ನಾ ನಸುಕಿನ್ಯಾಗ ಹರಕೊಂಡ್ ಹೋದ್ನಲ್ಲೋ, ದೇವರ ಪೂಜಾಕ್ಕ."

"ಕಾಕಾ! ಏನ್ ಮಾಡಿದ್ರಿ ನೀವು!"

"ಏನ್ ಮಾಡಿದೆ? ಬನದ ತಾಯಿಗೆ ಬನದ ಹೂವು. ಹೂವು ಇರೂದು ಮತ್ತ ಯಾಕ?" ಆಮೇಲೆ ಗೈಡ್ ಕಡೆ ತಿರುಗಿ, ಸಮಾಧಾನ ಹೇಳುವ ದನಿಯಲ್ಲಿ, "ಮೇಡಂ, ಡೋಂಟ್ ವರಿ. ಫ್ಲವರ್ ಈಸ್ ವಿತ್ ಗಾಡ್. ವೆರಿ ಸೇಫ್."

ಗೈಡ್ ಕಲ್ಲೊಂದರ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳು ಎಂದು ನನ್ನ ನೆನಪು. ನಗುತ್ತಿದ್ದಳು ಎಂದೂ ನೆನಪು... ಎರಡೂ ನಿಜವಿರಲಾರದು.

ಮುಂದೆ ಆದದ್ದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಅವಳು ಇಡೀ ಗುಂಪನ್ನು ನಮ್ಮ ಕೋಣೆಗೆ ಕರೆತಂದಳು. "ಶೂಸ್ ಔಟ್‌ಸೈಡ್ ಪ್ಲೀಸ್," ಎಂದರು ಕಾಕಾ. ಅಷ್ಟೂ ಜನ ಇಂಗ್ಲಿಷರು ಬೂಟಿನ ಲೇಸು ಬಿಚ್ಚಿ, ಕಾಲುಚೀಲದಲ್ಲಿ ಒಳಗೆ ಹೋಗಿ, ನಮ್ಮ ಹಾಸಿಗೆಗಳ ನಡುವೆ ಬಗ್ಗಿ ನಿಂತು, ಬನಶಂಕರಿಯ ಪಾದದಲ್ಲಿದ್ದ ಆರ್ಕಿಡ್ ನೋಡಿದರು. ಗೈಡ್ ಅಲ್ಲೇ ಪಾಠ ಮಾಡಿದಳು.

ನಾನು ಹೋಗಲಿಲ್ಲ. ಹೊರಗಿನ ಓಣಿಯಲ್ಲಿ, ಸಾಲಾಗಿ ಬಿಟ್ಟಿದ್ದ ಬೂಟುಗಳ ಪಕ್ಕ ನಿಂತಿದ್ದೆ.

"ತಮ್ಮಾ, ಬಾರೋ ಒಳಗ! ನೀ ನೋಡಾಕ ಬಂದದ್ದು ಇದ ಹೂವಲ್ಲೇನು?"

"ನಂಗ ಬ್ಯಾಡ. ನೀವ ನೋಡ್ರಿ."

ಚಿವುಟಿದ ಹೂವು ನೋಡುವುದರಲ್ಲಿ ಏನರ್ಥ ಎಂದು ಆಗ ಅನ್ನಿಸಿತ್ತು. ಅದು ಮಣ್ಣಿನಲ್ಲಿ ನಿಂತಿರಬೇಕಿತ್ತು, ನೊಣ ಬರಬೇಕಿತ್ತು. ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಸಂಜೆಗೆ ಸಿಟ್ಟು ಸ್ವಲ್ಪ ಇಳಿದು, ಕನ್ನಡಕ ಹಾಕಿಕೊಂಡು ಮೇಜಿನ ಹತ್ತಿರ ಹೋದರೆ ಫೋಟೋ ಮಾತ್ರ ಇತ್ತು.

"ಎಲ್ಲಿ ಹೂವು?"

"ಸಮುದ್ರಕ್ಕ ಬಿಟ್ಟು ಬಂದ್ನಲ್ಲೋ. ನಿರ್ಮಾಲ್ಯನ ಯಾರರ ಕಸದ ಬುಟ್ಟ್ಯಾಗ ಹಾಕ್ತಾರೇನು?"

ವಾಪಸು ಬರುವಾಗ ವಿಮಾನದಲ್ಲಿ ನಾನು ಅವರೊಂದಿಗೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೂ ಆಗಲಿಲ್ಲ, ಗೊರಕೆ ಹೊಡೆಯುತ್ತಿದ್ದರು. ಮುಂದಿನ ಚಳಿಗಾಲಕ್ಕೆ ಅವರ ಕೆಲಸ ಮುಗಿಯಿತು, ಊರಿಗೆ ಹೋದರು. ಹೋದ ವರ್ಷ ಫೋನಿನಲ್ಲಿ ಸುದ್ದಿ ಬಂತು. ನಿದ್ದೆಯಲ್ಲೇ ಹೋದರಂತೆ...

ವಿಚಿತ್ರವೆಂದರೆ ಆ ಹೂವು ನನಗೆ ಸ್ಪಷ್ಟವಾಗಿ ನೆನಪಿದೆ. ತುಟಿಯಂಥ ಕಂದು ಎಸಳು, ಅದರ ಮೇಲೆ ದಪ್ಪ ಹಳದಿ ಪಟ್ಟೆ, ಎರಡು ಪುಟ್ಟ ರೆಕ್ಕೆ. ಇದನ್ನು ಹೇಳಿದರೆ ಹೆಂಡತಿ ನಗುತ್ತಾಳೆ. "ನೀವೆಲ್ಲಿ ನೋಡಿದ್ದೀರಿ? ಬಂದ ದಿನ ಊಟಕ್ಕೆ ಕೂತಾಗ ಕಾಕಾನೇ ಕೈಯಾಡಿಸಿ ವರ್ಣಿಸಿದ್ರು. ನೀವು ಮುಖ ಊದಿಸಿಕೊಂಡು ಮಜ್ಜಿಗೆ ಕುಡೀತಿದ್ರಿ." ಇರಬಹುದು. ಮೊನ್ನೆ ಮೊಬೈಲಿನಲ್ಲಿ ಆ ಜಾತಿಯ ಚಿತ್ರ ಹುಡುಕಿದೆ. ಅದರ ಗೀರುಗಳು ಬಿಳಿ. ಹಳದಿ ಎಲ್ಲೂ ಇಲ್ಲ. ಅಂದರೆ ನನ್ನ ತಲೆಯೊಳಗೆ ಇಷ್ಟು ವರ್ಷ ಅರಳಿ ನಿಂತಿರುವುದು, ಚಂದ್ರಮುಕುಟವನ್ನು ಮರಕುಟಿಗ ಎಂದ ಮನುಷ್ಯ ಮಾತಿನಲ್ಲಿ ಮಾಡಿಕೊಟ್ಟ ಹೂವು.

ಮಗಳು ವಫ್ರಾದಿಂದ ಬಂದು ಬೈನಾಕ್ಯುಲರ್ ಹಿಂದಿರುಗಿಸಿದಳು. ಒಳಗಿಡುವ ಮುನ್ನ ಆ ಕಡ್ಡಿಯನ್ನು ಎಸೆಯೋಣವೆಂದು ತೆಗೆದುಕೊಂಡು ಅಡುಗೆಮನೆಯ ಕಸದ ಬುಟ್ಟಿಯವರೆಗೆ ಹೋದೆ. ಮುಚ್ಚಳವನ್ನೂ ಎತ್ತಿದೆ. "ಕಸದ ಬುಟ್ಟ್ಯಾಗ ಹಾಕ್ತಾರೇನು?" ಥತ್, ಈ ಮನುಷ್ಯ ಇನ್ನೂ ಬಿಡುವುದಿಲ್ಲವಲ್ಲ ಎನ್ನಿಸಿತು. ವಾಪಸು ಬಂದು ಕಡ್ಡಿಯನ್ನು ಚೀಲದ ತಳಕ್ಕೇ ಹಾಕಿ ಜಿಪ್ ಎಳೆದೆ.

ಅವರು ಇದ್ದಿದ್ದರೆ ಈಗಲೇ ಫೋನ್ ಹಚ್ಚಿ, ಕಾಕಾ, ಪಟ್ಟೆ ಬಿಳಿಯದು, ಹಳದಿ ಅಲ್ಲ ಎಂದು ಜಗಳ ತೆಗೆಯುತ್ತಿದ್ದೆ. ಅವರು ಒಪ್ಪುತ್ತಿರಲಿಲ್ಲ. ಅವರು ನೋಡಿದ್ದರು, ನಾನು ನೋಡಿರಲಿಲ್ಲ.