ಕಿವುಡನ ಪಾತ್ರಕ್ಕೆ ನಗದ ಮಕ್ಕಳು

ನಂಬಬೇಡಿ. ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿದ ಮೇಲೆ "ಮುದುಕ ಬುರುಡೆ ಬಿಟ್ಟ" ಅಂತ ನೀವು ಅನ್ನದಿದ್ದರೆ ನನಗೇ ಬೇಜಾರು. ಆದರೆ ನಂಬದೆ ಇರಲು ನಿಮ್ಮ ಕೈಲಿ ಆಗುತ್ತದೆಯೇ, ನೋಡೋಣ. ಹೆಂಡತಿಯ ಜತೆ ಜಗಳಾಡಿಕೊಂಡು, ನಗುವುದೇ ಇಲ್ಲ ಅಂತ ಹಟ ಹಿಡಿದು ಮುಂದಿನ ಸಾಲಿನಲ್ಲಿ ಕೂತ ಗಂಡಸರನ್ನು ನಗಿಸಿದವನು ನಾನು. ನೀವು ಯಾವ ಲೆಕ್ಕ?

ಹರೆಯದಲ್ಲಿ ನಾನು ನಾಟಕ ಕಂಪನಿಯೊಂದರಲ್ಲಿ ಹಾಸ್ಯದ ಪಾತ್ರ ಮಾಡುತ್ತಿದ್ದೆ. ಹುಬ್ಬಳ್ಳಿ ಕಡೆಯವನು. ಹೀರೋ ಬಂದರೆ ಬೀಡಿ ಸೇದಲು ಹೊರಗೆ ಹೋಗುತ್ತಿದ್ದ ಜನ ನಾನು ಬಂದರೆ ಒಳಗೆ ಓಡಿ ಬರುತ್ತಿದ್ದರು. ಆ ಹೀರೋ ಈಗ ಬದುಕಿಲ್ಲ, ಹಾಗಾಗಿ ಈ ಮಾತಿಗೆ ಎದುರು ಹೇಳುವವರೂ ಇಲ್ಲ.

ನಮ್ಮ ಕಂಪನಿಯನ್ನು ಸಾಕಿದ್ದು ಒಂದು ಹಳೆಯ ಹಾಸ್ಯನಾಟಕ. ಮೊದಲು ಬರೆದವರು ಯಾರೋ ಗೊತ್ತಿಲ್ಲ, ನಮ್ಮ ಅಜ್ಜಂದಿರೂ ಅದನ್ನು ನೋಡಿ ನಕ್ಕಿದ್ದರಂತೆ. ಒಬ್ಬ ಜಿಪುಣ ಸಾಹುಕಾರ, ಅವನ ಮನೆಯಲ್ಲೊಬ್ಬ ಆಳು. ಆಳು ಕಿವುಡನ ಸೋಗು ಹಾಕಿಕೊಂಡಿದ್ದಾನೆ. ಸೌದೆ ಒಡೆ ಅಂದರೆ ಕೇಳಿಸುವುದಿಲ್ಲ. ಅಡುಗೆಮನೆಯಲ್ಲಿ ತಟ್ಟೆ ಸದ್ದಾದರೆ ಮಾತ್ರ ಎಲ್ಲಿದ್ದರೂ ಹಾಜರು. ಕಿವುಡ ತಾನೇ ಎಂದು ಮನೆಯವರು ಅವನ ಮುಂದೆಯೇ ಗುಟ್ಟೆಲ್ಲ ಮಾತಾಡುತ್ತಾರೆ. ಅದನ್ನೆಲ್ಲ ಕೇಳಿಸಿಕೊಂಡು ಅವನು ಸಾಹುಕಾರನ ಮಗಳಿಗೆ ಬೇಡದ ಮುದಿ ವರನನ್ನು ಓಡಿಸುತ್ತಾನೆ. ಕೊನೆಯ ಅಂಕದಲ್ಲಿ ಸಾಹುಕಾರನಿಗೆ ಅನುಮಾನ ಬರುತ್ತದೆ. ಆಳಿನ ಬೆನ್ನ ಹಿಂದೆ ನಿಂತು ಒಂದು ಜೋಕು ಹೇಳುತ್ತಾನೆ. ಆಳು ತಡೆಯುತ್ತಾನೆ, ತಡೆಯುತ್ತಾನೆ, ತಡೆಯಲಾರದೆ ನಕ್ಕುಬಿಡುತ್ತಾನೆ. ಸಿಕ್ಕಿಬಿದ್ದ! ಕುತ್ತಿಗೆ ಹಿಡಿದು ಹೊರಗೆ ದಬ್ಬುತ್ತಾರೆ, ಅವನ ಬಟ್ಟೆಯ ಗಂಟು ಹಿಂದೆಯೇ ಬಂದು ಬೀಳುತ್ತದೆ, ಪರದೆ. ಆ ಗಂಟು ಬಿದ್ದ ಸದ್ದಿಗೆ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಆ ಆಳು ನಾನು. ಗಂಟನ್ನು ಸೊಂಟಕ್ಕೆ ಸರಿಯಾಗಿ ಎಸೆಯುವುದನ್ನು ಸಾಹುಕಾರನ ಪಾತ್ರದವನಿಗೆ ಕಲಿಸಿದ್ದೂ ನಾನೇ.

ಕಂಪನಿ ಮುಚ್ಚಿತು. ಹೊಟ್ಟೆಪಾಡಿಗೆ ಒಣಮೆಣಸಿನಕಾಯಿ ದಲ್ಲಾಳಿಯೊಬ್ಬರ ಹತ್ತಿರ ಸೇರಿಕೊಂಡೆ. ತಿರುವನಂತಪುರದ ಚಾಲೈ ಪೇಟೆಗೂ ಕೊಚ್ಚಿಗೂ ಸರಕಿನ ಹಿಂದೆ ಓಡಾಡಿ ಕೊನೆಗೆ ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ನಿಂತೆ. ಹೆಂಡತಿ ಹೋದ ಮೇಲೆ ನನ್ನ ಕನ್ನಡಕ್ಕೆ ಉಳಿದಿದ್ದ ಜಾಗ ಒಂದೇ, ಕನ್ನಡ ಸಂಘದ ಭಾನುವಾರದ ಪಾಠ. ಹೊಲಿಗೆ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಬ್ಯಾಂಕಿನವರ, ಕಂಪ್ಯೂಟರಿನವರ ಮಕ್ಕಳು. ಎರಡು ಸಾವಿರದ ಇಸವಿಯ ನಂತರದ ವರ್ಷಗಳು ಅವು, ಆ ಊರಿಗೆ ನಮ್ಮವರು ಹೆಚ್ಚಾಗಿ ಬರುತ್ತಿದ್ದ ಕಾಲ.

ಆ ಮಕ್ಕಳಿಗೆ ಕನ್ನಡ ಪೂರಾ ತಿಳಿಯುತ್ತಿತ್ತು. ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತಿತ್ತು. ನನ್ನನ್ನು ಕರೆಯುತ್ತಿದ್ದದ್ದು ಅಪ್ಪೂಪ್ಪ ಎಂದು. ಅಲ್ಲಿ ಅಜ್ಜನಿಗೆ ಹಾಗೆನ್ನುತ್ತಾರೆ. ಅಕ್ಷರ ತಿದ್ದಿಸುವ ತಾಳ್ಮೆ ನನಗಿಲ್ಲ. ನಾಟಕದ ಹಳೆಯ ಪ್ರತಿ ತಂದು ಎಲ್ಲರ ಪಾತ್ರವನ್ನೂ ನಾನೇ ಓದಿದೆ. ಸಾಹುಕಾರನೂ ನಾನೇ, ಮಗಳೂ ನಾನೇ, ಮುದಿ ವರನಂತೂ ಮೇಕಪ್ಪಿಲ್ಲದೆ ನಾನೇ. ಮಕ್ಕಳು ನಕ್ಕ ನಗುವಿಗೆ ಕೆಳಗಿನ ಹೊಲಿಗೆ ಮಿಷನ್ನು ನಿಂತು, ದರ್ಜಿ ಮಹಡಿ ಹತ್ತಿ ಬಂದು ಇಣುಕಿದ್ದ.

ಇನ್ನೊಂದು ಹೇಳಬೇಕು. ಸಂಘದ ಹಿರಿಯರ ಮುಂದೆ ನಾನೂ ಕಿವುಡ. ಒಮ್ಮೆ ಸಭೆಯಲ್ಲಿ ಚಂದಾ ಎತ್ತುವ ಕೆಲಸ ನನ್ನ ತಲೆಗೆ ಬಂತು. "ಊಟನಾ? ನಡೀರಿ, ಹೊತ್ತಾತು" ಎಂದು ಎದ್ದುಬಿಟ್ಟೆ. ಅವತ್ತಿನಿಂದ ನನಗೆ ಕಿವಿ ಮಂದ ಎಂದು ಸಂಘದ ಒಮ್ಮತದ ತೀರ್ಮಾನ. ನಾನೂ ಆ ಪಾತ್ರ ಬಿಡಲಿಲ್ಲ. ಮಕ್ಕಳಿಗೆ ಮಾತ್ರ ಗುಟ್ಟು ಗೊತ್ತಿತ್ತು. ಅಪ್ಪ ಅಮ್ಮಂದಿರು ಎದುರಿಗಿದ್ದರೆ "ಅಪ್ಪೂಪ್ಪಾ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದವು, ಅವರು ಆಚೆ ಹೋದ ಕೂಡಲೇ ಪಿಸುಗುಟ್ಟಿ ಕಣ್ಣು ಮಿಟುಕಿಸುತ್ತಿದ್ದವು. ಎಂಟು ಒಂಬತ್ತರ ಪ್ರಾಯದ ಒಬ್ಬ ಹುಡುಗಿ ಇದರಲ್ಲಿ ನನ್ನನ್ನೇ ಮೀರಿಸಿದ್ದಳು. ತಾಯಿ ಕಾಸರಗೋಡಿನ ಕನ್ನಡತಿ, ತಂದೆ ತ್ರಿಶೂರಿನವರು. ಕೂಗುವುದರ ಜತೆಗೆ ಕೈಸನ್ನೆ ಬೇರೆ ಮಾಡುತ್ತಿದ್ದಳು, ಪಾಪ ಈ ಮುದುಕನಿಗೆ ಎಷ್ಟು ಕಷ್ಟ ಎಂಬಂತೆ.

ಹೀಗಿರುವಾಗ ಸಂಘದ ಕಾರ್ಯದರ್ಶಿ ಕೊಚ್ಚಿಗೆ ಬಂದ. ಮೈಸೂರಿನ ಹುಡುಗ, ತಿರುವನಂತಪುರದ ಪಕ್ಕದ ಕಳಕ್ಕೂಟಂನಲ್ಲಿ ಸಾಫ್ಟ್‌ವೇರ್ ಕೆಲಸ. ಸಂಘದ ಮುಖ್ಯ ಕಚೇರಿ ತಿರುವನಂತಪುರದಲ್ಲಿತ್ತು, ನಮ್ಮ ಕೋಣೆಯ ಬಾಡಿಗೆ ಬರುತ್ತಿದ್ದದ್ದೂ ಅಲ್ಲಿಂದಲೇ.

"ಅಜ್ಜಾ, ಮಕ್ಕಳಿಗೆ ಕನ್ನಡ ಅರ್ಥ ಆಗತ್ತಾ ಇಲ್ವಾ ಅಂತ ಟೆಸ್ಟ್ ಮಾಡ್ಬೇಕು!" ಎಂದು ನನ್ನ ಕಿವಿಯೊಳಗೆ ಕೂಗಿದ. "ಆಗದೇ ಇದ್ರೆ ಕ್ಲಾಸ್ ನಿಲ್ಲಿಸಿ ಮನೆಮನೆಗೆ ಕನ್ನಡ ಕಲಿಸೋ ಸೀಡಿ ಕೊಡೋಣ ಅಂತ ಕಮಿಟೀಲಿ ಮಾತು!"

ಅಂದರೆ ಪರೀಕ್ಷೆ ಮಕ್ಕಳಿಗೆ, ಸೋತರೆ ಹೋಗುವುದು ನನ್ನ ಕೋಣೆ. ಅಲ್ಲಿಗೆ ನನ್ನ ಮಾತಿಗೆ ಕನ್ನಡದಲ್ಲಿ ನಗುವವರು ಯಾರೂ ಇರುವುದಿಲ್ಲ.

"ಬರೀಲಿಕ್ಕೆ ಹಚ್ಚಬ್ಯಾಡ್ರೀ," ಅಂದೆ. "ನಾಟಕ ಓದ್ರಿ. ನಗೂ ಜಾಗಾದಾಗ ನಕ್ರ ತಿಳಿದೈತಿ, ನಗಲಿಲ್ಲ ಅಂದ್ರ ತಿಳಿದಿಲ್ಲ. ಹಾಸ್ಯಕ್ಕ ಇದಕ್ಕಿಂತ ಪರೀಕ್ಷಾ ಬ್ಯಾರೆ ಏನೈತಿ?"

ಹೇಳುವಾಗ ಎಷ್ಟು ಜಂಬವಿತ್ತು ನನಗೆ! ಹುಡುಗನ ಕಣ್ಣು ಅರಳಿತು. ಮುಂದಿನ ವಾರ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಮಾಡಿಕೊಂಡು ಬಂದ. ಅಡ್ಡಕ್ಕೆ ಮಕ್ಕಳ ಹೆಸರು, ಉದ್ದಕ್ಕೆ ನಗಬೇಕಾದ ಜಾಗಗಳು. ಜೋರು ನಗುವಿಗೆ ಎರಡು ಅಂಕ, ಮುಗುಳುನಗೆಗೆ ಒಂದು, ನಗದವರಿಗೆ ಸೊನ್ನೆ. ಎಲ್ಲೆಲ್ಲಿ ನಗು ಬರುತ್ತದೆ ಎಂದು ನಾನೇ ಗುರುತು ಹಾಕಿಕೊಟ್ಟೆ. ಮೊದಲು ಓದಿರದ ಭಾಗ ಒಂದಾದರೂ ಬೇಕು ಅಂದ. ಕೊನೆಯ ಅಂಕವನ್ನು ನಾನು ಮಕ್ಕಳಿಗೆ ಇನ್ನೂ ಓದಿರಲಿಲ್ಲ, ಅದನ್ನೇ ಕೊಟ್ಟೆ. ಗಂಟು ಬೀಳುವ ಜಾಗದಲ್ಲಿ "ಎಲ್ಲಕ್ಕಿಂತ ಜೋರು ನಗು" ಎಂದು ನಾನೇ ಹೇಳಿ ಬರೆಸಿದೆ. ಅಷ್ಟೂ ವರ್ಷ ಅಲ್ಲಿ ನಗದ ಮನುಷ್ಯನನ್ನು ನಾನು ಕಂಡಿರಲಿಲ್ಲ.

ಪರೀಕ್ಷೆ ತಿರುವನಂತಪುರದಲ್ಲಿ, ಸಂಘದ ವಾರ್ಷಿಕೋತ್ಸವದ ದಿನ. ಮಕ್ಕಳ ಅಪ್ಪ ಅಮ್ಮಂದಿರ ಜತೆ ಬೆಳಗಿನ ಗಾಡಿಗೆ ಹೊರಟೆವು. ಮಕ್ಕಳು ದಾರಿಯುದ್ದಕ್ಕೂ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಿಂದು ಎಣ್ಣೆಕೈಯನ್ನು ನನ್ನ ಜುಬ್ಬಕ್ಕೇ ಒರೆಸಿದವು. ಚಾಲೈ ಪೇಟೆಯ ಹಿಂದಿನ ಒಂದು ಬಾಡಿಗೆ ಸಭಾಂಗಣ. ಒಣಮೆಣಸಿನ ಘಾಟು ಅಲ್ಲಿಯವರೆಗೂ ಬರುತ್ತಿತ್ತು, ನನಗೆ ತವರಿಗೆ ಬಂದ ಹಾಗಾಯಿತು.

ಹೋದ ಕೂಡಲೇ ಸಂಘದ ಖಜಾಂಚಿ ತಕರಾರು ತೆಗೆದರು. "ಈ ಅಜ್ಜ ಕಿಲಾಡಿ ರೀ. ಹುಬ್ಬು ಹಾರಿಸಿದ್ರೆ ಸಾಕು, ಮಕ್ಕಳು ನಗ್ತಾವೆ. ದೂರ ಕೂರಿಸಿ."

ನನ್ನನ್ನು ಕೊನೆಯ ಸಾಲಿನ ಮೂಲೆಗೆ, ಮಕ್ಕಳ ಬೆನ್ನ ಹಿಂದೆ ಕೂರಿಸಿದರು. ಓದುವವನು ಕಾರ್ಯದರ್ಶಿಯೇ. ಹುಡುಗ ಓದಿದ್ದು ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ. ಆದರೂ ಮಕ್ಕಳು ನಕ್ಕವು! ಸೌದೆಯ ಮಾತಿಗೆ ನಕ್ಕವು, ತಟ್ಟೆಯ ಸದ್ದಿಗೆ ನಕ್ಕವು, ಮುದಿ ವರ ಜಾರಿ ಬಿದ್ದಾಗ ಕುರ್ಚಿಯಿಂದ ತಾವೂ ಜಾರಿದವು. ಖಜಾಂಚಿಯ ಪೆನ್ನು ಪಟ್ಟಿಯ ಪ್ರಿಂಟಿನ ಮೇಲೆ ಎರಡೆರಡು ಅಂಕ ಹಾಕುತ್ತ ಹೋಯಿತು. ಹಿಂದೆ ಕೂತು ನಾನು ಮೀಸೆ ತಿರುವುತ್ತಿದ್ದೆ.

ಕೊನೆಯ ಅಂಕ ಬಂತು. ಸಾಹುಕಾರ ಜೋಕು ಹೇಳಿದ. ಆಳು ತಡೆದ, ತಡೆದ, ನಕ್ಕ. ಕುತ್ತಿಗೆಗೆ ಕೈ ಬಿತ್ತು. ಗಂಟು ಬಿತ್ತು.

ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ.

ಕಾರ್ಯದರ್ಶಿ ಆ ಸಾಲನ್ನು ಮತ್ತೊಮ್ಮೆ ಓದಿದ. ಒಂದು ಮಗುವೂ ನಗಲಿಲ್ಲ. ಆಮೇಲೆ ಒಂದೊಂದಾಗಿ ತಲೆ ತಿರುಗಿಸಿ ಹಿಂದಿನ ಮೂಲೆಯಲ್ಲಿದ್ದ ನನ್ನ ಕಡೆ ನೋಡಿದವು.

"ಯಾಕ್ ಪುಟ್ಟಾ, ನಗ್ಲಿಲ್ಲ? ಅರ್ಥ ಆಗ್ಲಿಲ್ವಾ?" ಎಂದು ಅವನು ಮುಂದೆ ಕೂತಿದ್ದ ಹುಡುಗಿಯನ್ನು, ನನ್ನ ಆ ಕೈಸನ್ನೆಯವಳನ್ನೇ, ಕೇಳಿದ.

ಅವಳು ಕಾಲುಗುರು ನೋಡುತ್ತ ಒಂದೇ ಮಾತು ಹೇಳಿದಳು. "ಪಾವಂ."

ಪಾವಂ ಎಂದರೆ ಪಾಪ ಎಂದರ್ಥ. ಆ ಊರಲ್ಲಿ ಒಂದು ವಾರ ಇದ್ದವನಿಗೂ ಗೊತ್ತಿರುವ ಮಾತು. ಇವನು ವರ್ಷಗಟ್ಟಲೆಯಿಂದ ಇದ್ದವನು.

"ಕನ್ನಡದಲ್ಲಿ ಹೇಳು."

ಅವಳ ತಾಯಿಗೆ ತಡೆಯಲಾಗಲಿಲ್ಲ. "ಪಾಪ ಅಂತ ಹೇಳ್ತಿದ್ದಾಳೆ ಮಾರಾಯ್ರೆ. ಎಂತ, ನಿಮಗೂ ಗೊತ್ತಿಲ್ವಾ ಅಷ್ಟು?"

"ಮೇಡಂ, ಹೊರಗಿನವರು ಹೇಳಿಕೊಡೋ ಹಾಗಿಲ್ಲ," ಅಂದರು ಖಜಾಂಚಿ. ಪೆನ್ನು ಈ ತುದಿಯಿಂದ ಆ ತುದಿಯವರೆಗೆ ಸೊನ್ನೆ ಹಾಕಿಕೊಂಡು ಹೋಯಿತು. ಒಟ್ಟು ಅಂಕಗಳಲ್ಲಿ ಅರ್ಧವನ್ನು ಮೊದಲು ಓದಿರದ ಭಾಗಕ್ಕೇ ಇಟ್ಟಿದ್ದರು. ಓದಿದ ಭಾಗಕ್ಕೆ ನಕ್ಕಿದ್ದು ಬಾಯಿಪಾಠವಂತೆ, ಓದಿರದ ಭಾಗಕ್ಕೆ ನಗದಿದ್ದದ್ದೇ ನಿಜವಾದ ಫಲಿತಾಂಶವಂತೆ.

ನಾನು ಎದ್ದು ಹೇಳಬಹುದಿತ್ತು. ಅಯ್ಯಾ, ಇಡೀ ಉತ್ತರ ಕರ್ನಾಟಕದಲ್ಲಿ ಯಾರಿಗೂ ತಿಳಿಯದ ಜಾಗ ಈ ಮಕ್ಕಳಿಗೆ ತಿಳಿಯಿತು ಕಣಪ್ಪಾ, ನನಗೂ ಇವತ್ತೇ ತಿಳಿದದ್ದು, ಎಂದು. ಆದರೆ ಕಿವುಡನಿಗೆ ಇಷ್ಟೆಲ್ಲ ಕೇಳಿಸಿತು ಹೇಗೆ?

ಊಟವಾಯಿತು, ಪಾಯಸವೂ ಆಯಿತು. ಪಕ್ಕದ ಕೋಣೆಯಲ್ಲಿ ಕಮಿಟಿಯವರು ಚಹಾ ಹಿಡಿದು ಕೂತರು. ನನ್ನನ್ನೂ ಕರೆದು ನಡುವಿನ ಕುರ್ಚಿ ಕೊಟ್ಟರು, ಹಿರಿಯ ಅಂತ ಮರ್ಯಾದೆ.

"ಕೊಚ್ಚಿ ಕ್ಲಾಸ್ ಈ ತಿಂಗಳಿಗೆ ನಿಲ್ಲಿಸೋಣ. ಸೀಡೀನೇ ವಾಸಿ," ಅಂದ ಕಾರ್ಯದರ್ಶಿ.

"ಮೆಲ್ಲಗೆ. ಪಕ್ಕದಲ್ಲೇ ಕೂತಿದಾರೆ," ಅಂದರು ಯಾರೋ.

"ಅಯ್ಯೋ, ಅವರಿಗೆ ಕೇಳಲ್ಲ ಬಿಡಿ," ಅಂದರು ಖಜಾಂಚಿ. ಚಹಾ ಗುಟುಕರಿಸಿ ಮುಂದುವರಿಸಿದರು. "ನೋಡಿ, ಮಕ್ಕಳಿಗೆ ಕನ್ನಡ ಬರಲ್ಲ, ಮೇಷ್ಟ್ರಿಗೆ ಕಿವಿ ಕೇಳಲ್ಲ. ಅದಕ್ಕೇ ಕ್ಲಾಸು ಇಷ್ಟು ದಿನ ಒಂದು ತಕರಾರೂ ಇಲ್ಲದೆ ನಡೆದಿದೆ!"

ನಾನು ನಕ್ಕುಬಿಟ್ಟೆ. ಹಳೆಯ ಕಂಪನಿಯ ನಗು, ತಂಬಿನ ಕೊನೆಯ ಸಾಲಿಗೆ ಮುಟ್ಟುವ ನಗು. ಖಜಾಂಚಿಯ ಕೈಯಿಂದ ಚಹಾದ ಲೋಟ ಜಾರಿ ಬಿಳಿ ಪಂಚೆಯ ಮೇಲೆ ಬಿತ್ತು. ಕಾರ್ಯದರ್ಶಿಯ ಮುಖ ಹುಳಿ ಮಜ್ಜಿಗೆಯ ಹಾಗಾಯಿತು. ಇಷ್ಟು ವರ್ಷ ನನ್ನ ಮುಂದೆ ಯಾರ ಬಗ್ಗೆ ಏನೇನು ಆಡಿದ್ದೆವು ಎಂದು ಒಬ್ಬೊಬ್ಬರೂ ಮನಸ್ಸಿನಲ್ಲೇ ಹುಡುಕತೊಡಗಿದರು. ಅವರ ಮುಖಗಳನ್ನು ನೀವು ನೋಡಬೇಕಿತ್ತು.

ವಾಪಸು ಗಾಡಿಯಲ್ಲಿ ಹುಡುಗಿ ನನ್ನ ಪಕ್ಕಕ್ಕೆ ಬಂದು ಕೂತಳು. ಹಿರಿಯರು ಎದುರಿಗಿದ್ದರು, ಆದರೂ ಕೂಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು, ತುಟಿ ಅಲುಗದ ಹಾಗೆ, ಕನ್ನಡದಲ್ಲಿ ಕೇಳಿದಳು. ನನ್ನ ಹತ್ತಿರ ಅವಳು ಆಡಿದ ಮೊದಲ ಪೂರ್ತಿ ಕನ್ನಡ ಅದು.

"ಅಪ್ಪೂಪ್ಪ, ಅವನು ನಕ್ಕಿದ್ದಕ್ಕೇ ಅಲ್ವಾ ಹೊರಗೆ ಹಾಕಿದ್ದು? ಮತ್ತೆ ನಾವು ಯಾಕೆ ನಗ್ಬೇಕು?"

ಪರೀಕ್ಷೆಯಲ್ಲಿ ಕೇಳಿದ್ದ ಪ್ರಶ್ನೆಗೆ ಕನ್ನಡದ ಉತ್ತರ ಬಂತು, ಒಂದು ಮಧ್ಯಾಹ್ನ ತಡವಾಗಿ. ಅಂಕ ಹಾಕುವವರು ತಿರುವನಂತಪುರದಲ್ಲೇ ಉಳಿದಿದ್ದರು. ನಾನು ಕೊಟ್ಟದ್ದು ಒಂದು ಪಳಂಪೊರಿ. ಅದನ್ನೂ ಅವಳು ಅರ್ಧ ಮುರಿದು ನನಗೇ ವಾಪಸು ಕೊಟ್ಟಳು.

ಮುಂದಿನ ವಾರ ಕಾರ್ಯದರ್ಶಿ ಫೋನು ಮಾಡಿದ. "ಅಜ್ಜಾ! ಕೋಣೆ ಬೀಗದ ಕೈ! ಟೈಲರ್ ಹತ್ರ! ಕೊಟ್ಬಿಡಿ!" ಎಂದು ಕೂಗಿ ಕೂಗಿ ಅವನ ಗಂಟಲೇ ಒಡೆಯಿತು. ನಾನು ಇನ್ನೆರಡು ಸಲ "ಹಾಂ? ಏನಂದ್ರಿ?" ಎಂದು ಅದನ್ನೇ ಹೇಳಿಸಿದೆ. ಅಷ್ಟು ಸುಖವಾದರೂ ಬೇಡವೇ? ಆಮೇಲೆ ಬೀಗದ ಕೈ ಕೊಟ್ಟೆ. ದರ್ಜಿ ಆ ಕೋಣೆಯಲ್ಲಿ ಗುಂಡಿ ಹಾಕುವ ಮಿಷನ್ನು ಇಟ್ಟುಕೊಂಡ. ಮಕ್ಕಳ ಮನೆಗಳಿಗೆ ಸೀಡಿ ಹೋಯಿತು. ಅದರಲ್ಲಿ ಒಬ್ಬಳು ಹೆಂಗಸು "ಇದು ಹಸು, ಇದು ಆನೆ" ಎಂದು ಹೇಳುತ್ತಿದ್ದಳಂತೆ. ಯಾವ ಮಗುವೂ ಮತ್ತೆ ನನ್ನ ಹತ್ತಿರ ಬರಲಿಲ್ಲ, ಬರಲು ಜಾಗವಾದರೂ ಎಲ್ಲಿತ್ತು?

ಇನ್ನು ನಿಮ್ಮ ಪರೀಕ್ಷೆ. ಇಷ್ಟರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ಸರಿಯಾಗಿ ಓದಿದವರು ಆಗಲೇ ಹಿಡಿದಿರಬೇಕು. ಗುಟ್ಟು ರಟ್ಟಾದ ಕಿವುಡನ ಜತೆ ಫೋನಿನಲ್ಲಿ ಯಾರಾದರೂ ಹಾಗೆ ಕೂಗುತ್ತಾರೆಯೇ?

ನಾನು ನಗಲಿಲ್ಲ. ಖಜಾಂಚಿಯ ಜೋಕು ಚೆನ್ನಾಗಿಯೇ ಇತ್ತು, ಕಂಪನಿಯಲ್ಲಿದ್ದಿದ್ದರೆ ನಾನೇ ಕದ್ದು ಹೇಳುತ್ತಿದ್ದೆ. ಆದರೆ ತಡೆದೆ. ಸುತ್ತ ಎಲ್ಲರೂ ನಗುತ್ತಿದ್ದಾಗ ಲೋಟ ನೋಡುತ್ತ ಕೂತೆ. ಯಾರ ಚಹಾವೂ ಚೆಲ್ಲಲಿಲ್ಲ. ಕೊನೆಗೆ ಕಾರ್ಯದರ್ಶಿ ಬಗ್ಗಿ ನನ್ನ ಕಿವಿಗೆ ಬಾಯಿಟ್ಟ.

"ಊಟ ಆಯ್ತಾ ಅಂತ ಕೇಳಿದ್ವಿ ಅಜ್ಜಾ!"

"ಆತ್ರೀ," ಅಂದೆ. "ಪಾಯಸ ಭಾಳ ಚಲೋ ಇತ್ತು."